ಸ್ಥಾನವೂ ಸಾರ್ಥಕತೆಯೂ

ಮನುಷ್ಯನು ತಾನು ಮಾಡುವ ಕೆಲಸದಿಂದ ತನ್ನನ್ನು ಗುರುತಿಸಿಕೊಳ್ಳುತ್ತಾನೆ. ನೀವು ಯಾರೆಂದು ಅಪರಿಚಿತರನ್ನು ಕೇಳಿದರೆ ಅವರು ಮೊದಲು ಹೆಸರನ್ನೂ, ಅದರ ಬೆನ್ನಿಗೇ ಉದ್ಯೋಗವನ್ನೂ ಹೇಳುತ್ತಾರೆ. ನಾನು ಉಪಾಧ್ಯಾಯ, ನಾನು ರೈತ, ನಾನು ನೇಕಾರ, ನಾನು ಗಾಯಕ ಎನ್ನುವಾಗ ‘ನಾನು’ ಎಂಬುದಕ್ಕೂ ಅದರ ಮುಂದಿನ ಪದಕ್ಕೂ ನಡುವೆ ಅಂತರವೇ ಇಲ್ಲವೆಂಬಂತೆ ನುಡಿಯುತ್ತೇವೆ. ಶರೀರದಲ್ಲಿ ಕಸುವಿರುವ ತನಕ ಇದರಿಂದ ತೊಡಕೇನೂ ಇಲ್ಲ. ಆದರೆ ಒಂದು ದಿನ ನೇಕಾರನ ಕಣ್ಣು ಮಂದವಾಗುತ್ತದೆ. ಗಾಯಕನ ಕಂಠ ಒಡೆಯುತ್ತದೆ. ರೈತನ ಸೊಂಟ ಬಾಗುತ್ತದೆ. ಆಗ ಮುಂದಿನ ಪದ ಅಳಿಸಿಹೋಗಿ ‘ನಾನು’ ಎಂಬುದೊಂದೇ ಉಳಿಯುತ್ತದೆ. ಹಾಗೆ ಉಳಿದ ‘ನಾನು’ ಮುಂದೇನು ಮಾಡಬೇಕು? ಹಿಂದಿನದನ್ನೇ ಬಿಗಿಹಿಡಿದು ನಿಲ್ಲಬೇಕೆ? ಎಲ್ಲವನ್ನೂ ಬಿಟ್ಟು ಬದಿಗೆ ಸರಿಯಬೇಕೆ? ಅಥವಾ ತನಗೆ ಉಳಿದಿರುವ ಅಲ್ಪ ಶಕ್ತಿಗೆ ತಕ್ಕ ಬೇರೊಂದು ಕೆಲಸವನ್ನು ಹುಡುಕಿಕೊಳ್ಳಬೇಕೆ? ಇದು ಎಂದಾದರೊಮ್ಮೆ ನಮ್ಮಲ್ಲಿ ಪ್ರತಿಯೊಬ್ಬರ ಬಾಗಿಲಿಗೂ ಬರುವ ಪ್ರಶ್ನೆಯಾದುದರಿಂದ, ಬರುವ ಮುನ್ನವೇ ಇದನ್ನು ವಿಚಾರಿಸಿ ನೋಡುವುದು ವಿಹಿತ.

ಈ ವಿಚಾರಕ್ಕೆ ಕ್ರೀಡಾಪಟುವಿನ ಬಾಳು ಒಳ್ಳೆಯ ನಿದರ್ಶನವಾಗುತ್ತದೆ. ಆಟವೆಂದರೆ ಹುಡುಗರ ವಿನೋದವೆಂದು ಕೆಲವರು ಉಪೇಕ್ಷಿಸಬಹುದು. ಆದರೆ ಇತರರಿಗೆ ಅರುವತ್ತು ಎಪ್ಪತ್ತರ ವಯಸ್ಸಿನಲ್ಲಿ ನಿಧಾನವಾಗಿ ಒದಗುವ ಕ್ಷಯವು ಆಟಗಾರನಿಗೆ ಮೂವತ್ತರ ಆಚೆಗೇ, ಅದೂ ಸಹಸ್ರಾರು ಜನರ ಕಣ್ಣೆದುರಿಗೇ ಒದಗುತ್ತದೆ. ಅವನು ಎಷ್ಟು ಕುಂದಿದನೆಂಬುದನ್ನು ಅಂಕಿಗಳೇ ಸಾರುತ್ತವೆ, ಮರೆಮಾಚಲು ಅವಕಾಶವಿಲ್ಲ. ನಮ್ಮ ಬಾಳಿನಲ್ಲಿ ಮಸುಕಾಗಿ ತೋರುವುದು ಅವನ ಬಾಳಿನಲ್ಲಿ ಸ್ಫುಟವಾಗಿ ತೋರುವುದರಿಂದ, ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರರಾದ ಗ್ರಾಂಟ್ ಹಿಲ್ ಅವರ ವೃತ್ತಾಂತವನ್ನು ಇಲ್ಲಿ ಆರಿಸಿಕೊಂಡಿದೆ.

ಬಾಸ್ಕೆಟ್‌ಬಾಲ್ ಆಟವು ೧೮೯೧ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರಿಂದ ರೂಪುಗೊಂಡಿತು. ಎರಡು ಪಕ್ಷಗಳಲ್ಲಿ ಐದೈದು ಮಂದಿ. ನೆಲದಿಂದ ೧೦ ಅಡಿ ಎತ್ತರದಲ್ಲಿ ಬಳೆ. ಚೆಂಡನ್ನು ಅದರೊಳಗೆ ಹಾಕಿದರೆ ಅಂಕ. ಅಮೆರಿಕದ ವೃತ್ತಿಪರ ಸಂಘವಾದ ಎನ್.ಬಿ.ಎ.ಯಲ್ಲಿ ಒಂದು ತಂಡವು ಸಾಮಾನ್ಯವಾಗಿ ವರ್ಷಕ್ಕೆ ೮೨ ಪಂದ್ಯಗಳನ್ನಾಡುತ್ತದೆ; ಅನಂತರ ಆಯ್ದ ತಂಡಗಳಿಗೆ ಮಾತ್ರ ಅಂತಿಮ ಹಂತದ ಸರಣಿಗಳು. ಓಡುವುದು, ತಟ್ಟನೆ ನಿಲ್ಲುವುದು, ನೆಗೆಯುವುದು, ನೆಗೆದು ಇಳಿಯುವುದು—ಇಡೀ ಆಟದ ಭಾರ ಬೀಳುವುದು ಕಾಲಿನ ಮೇಲೆ. ಇನ್ನೊಂದು ಸಂಗತಿಯನ್ನೂ ವಾಚಕರು ಗಮನಿಸಬೇಕು. ಚೆಂಡನ್ನು ಬಳೆಗೆ ಹಾಕಿದವನ ಹೆಸರು ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಎದುರಾಳಿಯು ಹಾಕದಂತೆ ನೋಡಿಕೊಂಡವನ ಹೆಸರು ಬರುವುದು ಅಪರೂಪ. ನಡೆದುದನ್ನು ಎಣಿಸಬಹುದು; ನಡೆಯದಂತೆ ತಡೆದುದನ್ನು ಎಣಿಸುವುದು ಹೇಗೆ?

ಹಿಲ್ ಅವರು ಜನಿಸಿದ್ದು ೧೯೭೨ರ ಅಕ್ಟೋಬರಿನಲ್ಲಿ, ಟೆಕ್ಸಾಸ್ ಪ್ರಾಂತದ ಡಲ್ಲಸ್ ನಗರದಲ್ಲಿ. ತಂದೆ ಕ್ಯಾಲ್ವಿನ್ ಹಿಲ್ ಅಮೆರಿಕದ ಫುಟ್‌ಬಾಲಿನಲ್ಲಿ ಪ್ರಸಿದ್ಧರು. ಮಗನು ಡ್ಯೂಕ್ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿ ೧೯೯೧ ಮತ್ತು ೧೯೯೨ರಲ್ಲಿ ರಾಷ್ಟ್ರೀಯ ವಿಜಯವನ್ನು ಕಂಡು, ೧೯೯೪ರಲ್ಲಿ ಡೆಟ್ರಾಯಿಟ್ ನಗರದ ವೃತ್ತಿಪರ ತಂಡವನ್ನು ಸೇರಿದರು. ಪ್ರತಿ ವರ್ಷ ಶ್ರೇಷ್ಠ ಆಟಗಾರರನ್ನು ಕೂಡಿಸಿ ನಡೆಸುವ ಪ್ರದರ್ಶನ ಪಂದ್ಯಕ್ಕೆ ಪ್ರೇಕ್ಷಕರು ಮತ ನೀಡುವ ಪದ್ಧತಿಯಿದೆ. ತಮ್ಮ ಮೊದಲನೆಯ ವರ್ಷದಲ್ಲಿಯೇ ಹಿಲ್ ಅವರು ಸುಮಾರು ೧೩ ಲಕ್ಷ ಮತಗಳನ್ನು ಪಡೆದು ಎಲ್ಲರಿಗಿಂತ ಮುಂದೆ ನಿಂತರು. ಹೊಸಬನೊಬ್ಬನಿಗೆ ಅಂತಹ ಮನ್ನಣೆ ಆ ಹಿಂದೆ ದೊರೆತಿರಲಿಲ್ಲ. ೧೯೯೬ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಚಿನ್ನದ ಪದಕ ಬಂದಿತು. ೧೯೯೯–೨೦೦೦ದ ಪಂದ್ಯಾವಳಿಯಲ್ಲಿ ಅವರು ಪಂದ್ಯವೊಂದಕ್ಕೆ ಸರಾಸರಿ ೨೫.೮ ಅಂಕಗಳನ್ನು ಗಳಿಸಿದರು. ಮೈಕೇಲ್ ಜೋರ್ಡನ್ ಅವರ ಅನಂತರ ಆ ಆಟದ ಸಿಂಹಾಸನ ಯಾರಿಗೆಂಬ ಮಾತು ಬಂದಾಗಲೆಲ್ಲ ಹಿಲ್ ಅವರ ಹೆಸರು ಕೇಳಿಬರುತ್ತಿತ್ತು.

೨೦೦೦ದ ಏಪ್ರಿಲಿನಲ್ಲಿ, ಅಂತಿಮ ಹಂತದ ಸರಣಿ ಇನ್ನೇನು ಆರಂಭವಾಗಬೇಕೆನ್ನುವಾಗ, ಅವರ ಎಡಗಾಲಿನ ಹರಡು ಉಳುಕಿತು. ನೋವಿನೊಡನೆಯೇ ಆಡಿದರು. ಮಯಾಮಿ ತಂಡದ ಎದುರು ಎರಡನೆಯ ಪಂದ್ಯದಲ್ಲಿ ಕಾಲು ಪೂರ್ಣವಾಗಿ ಸೋತಿತು, ಮೂಳೆ ಮುರಿದಿರುವುದು ತಿಳಿದುಬಂತು, ಶಸ್ತ್ರಚಿಕಿತ್ಸೆ ನಡೆಯಿತು. ಆ ಬೇಸಗೆಯಲ್ಲಿಯೇ ಆರ್ಲಾಂಡೊ ನಗರದ ತಂಡವು ಏಳು ವರ್ಷಗಳಿಗೆ ೯ ಕೋಟಿ ಡಾಲರುಗಳಿಗೂ ಮಿಕ್ಕ ಒಪ್ಪಂದದ ಮೇಲೆ ಅವರನ್ನು ಕರೆದುಕೊಂಡಿತು. ಅವರು ಮೊದಲನೆಯ ವರ್ಷ ಆಡಿದ್ದು ೪ ಪಂದ್ಯ. ಎರಡನೆಯ ವರ್ಷ ೧೪. ಮೂರನೆಯ ವರ್ಷ ೨೯. ಪ್ರತಿ ಸಲವೂ ಅದೇ ಹರಡು, ಅದೇ ನೋವು, ಮತ್ತೆ ಶಸ್ತ್ರಚಿಕಿತ್ಸೆ.

೨೦೦೩ರ ಮಾರ್ಚಿನಲ್ಲಿ ವೈದ್ಯರು ಆ ಹರಡಿನ ಮೂಳೆಯನ್ನು ಉದ್ದೇಶಪೂರ್ವಕವಾಗಿ ಮತ್ತೊಮ್ಮೆ ಮುರಿದು, ಕಾಲಿನ ಮೂಳೆಯ ನೇರಕ್ಕೆ ಕೂಡಿಸಿದರು. ಮನೆಗೆ ಬಂದ ಕೆಲವೇ ದಿನಗಳಲ್ಲಿ ಜ್ವರವು ೧೦೪.೫ ಡಿಗ್ರಿಗೆ ಏರಿ ಮೈ ನಡುಗಿತು. ಪತ್ನಿಯು ಆಸ್ಪತ್ರೆಗೆ ಕರೆದೊಯ್ದರು. ಸಾಮಾನ್ಯ ಔಷಧಗಳಿಗೆ ಮಣಿಯದ ಒಂದು ಬಗೆಯ ಬ್ಯಾಕ್ಟೀರಿಯಾ ಗಾಯದೊಳಕ್ಕೆ ಹೊಕ್ಕಿತ್ತು. ಅದು ಪ್ರಾಣವನ್ನೇ ತೆಗೆಯಬಲ್ಲ ಸೋಂಕು. ಒಂದು ವಾರ ಆಸ್ಪತ್ರೆ. ಆರು ತಿಂಗಳು ರಕ್ತನಾಳದ ಮೂಲಕ ಔಷಧ. ಮರುವರ್ಷದ ಪಂದ್ಯಾವಳಿಯಲ್ಲಿ ಅವರು ಒಂದೇ ಒಂದು ದಿನವೂ ಅಂಗಳಕ್ಕೆ ಇಳಿಯಲಿಲ್ಲ. ಪ್ರತಿಭೆಗೆ ಕೊರತೆಯಿರಲಿಲ್ಲ, ಹಣಕ್ಕೆ ಕೊರತೆಯಿರಲಿಲ್ಲ, ಮನೋಬಲಕ್ಕೂ ಕೊರತೆಯಿರಲಿಲ್ಲ. ಒಂದು ಕೀಲು ಒಪ್ಪದಿದ್ದರೆ ಇವೆಲ್ಲವೂ ಸೇರಿ ಏನನ್ನೂ ಸಾಧಿಸಲಾರವೆಂಬುದು ಅಲ್ಲಿ ಸ್ಪಷ್ಟವಾಯಿತು. ಮನಸ್ಸು ಗಟ್ಟಿಯಿದ್ದರೆ ದೇಹವು ತಾನಾಗಿ ಹಿಂಬಾಲಿಸುವುದೆಂದು ಉಪದೇಶಿಸುವವರು ಈ ಅಧ್ಯಾಯವನ್ನು ಮನನ ಮಾಡಬೇಕು.

೨೦೦೪ರಲ್ಲಿ ಅವರು ಮರಳಿ ಬಂದರು. ಆ ವರ್ಷ ೬೭ ಪಂದ್ಯಗಳನ್ನಾಡಿ, ಪ್ರೇಕ್ಷಕರ ಮತದಿಂದ ಪ್ರದರ್ಶನ ಪಂದ್ಯಕ್ಕೂ ಆಯ್ಕೆಯಾದರು. ಹಳೆಯ ಹಿಲ್ ಹಿಂದಿರುಗಿದರೆಂದು ಜನ ಹಿಗ್ಗಿದರು. ಆದರೆ ಮರುವರ್ಷ ಬೇರೆ ಗಾಯಗಳಾಗಿ ೨೧ ಪಂದ್ಯಗಳಿಗೇ ಆಟ ನಿಂತಿತು. ಏಳು ವರ್ಷಗಳ ಒಪ್ಪಂದ ಮುಗಿಯುವ ಹೊತ್ತಿಗೆ, ಆಡಬೇಕಾಗಿದ್ದ ೫೭೪ ಪಂದ್ಯಗಳಲ್ಲಿ ಅವರು ಆಡಿದ್ದು ೨೦೦ ಮಾತ್ರ. ವಯಸ್ಸು ಮೂವತ್ತೈದಕ್ಕೆ ಸಮೀಪಿಸಿತ್ತು. ಹಳೆಯ ಹಿಲ್ ಇನ್ನು ಬರುವುದಿಲ್ಲವೆಂಬುದು ಬಹುಶಃ ಎಲ್ಲರಿಗೂ ಮನವರಿಕೆಯಾಗಿತ್ತು.

೨೦೦೭ರಲ್ಲಿ ಅವರು ಫೀನಿಕ್ಸ್ ನಗರದ ತಂಡವನ್ನು ಸೇರಿದರು. ವೇತನ ಹಿಂದಿನದಕ್ಕೆ ಹೋಲಿಸಲೂ ಬಾರದಷ್ಟು ಅಲ್ಪವಾಗಿತ್ತು. ಆ ತಂಡದಲ್ಲಿ ಚೆಂಡನ್ನು ನಡೆಸುವ ಅಧಿಕಾರ ಸ್ಟೀವ್ ನ್ಯಾಷ್ ಅವರದು. ಡೆಟ್ರಾಯಿಟಿನಲ್ಲಿ ಆಟವೆಲ್ಲ ಹಿಲ್ ಅವರ ಕೈಯಿಂದಲೇ ಹೊರಡುತ್ತಿತ್ತು. ಇಲ್ಲಿ ಅವರು ಅಂಗಳದ ಮೂಲೆಯಲ್ಲಿ ನಿಂತು ಚೆಂಡು ತಮ್ಮತ್ತ ಬರುವುದನ್ನು ಕಾಯಬೇಕು. ಬಂದರೆ ದೂರದಿಂದ ಗುರಿಯಿಟ್ಟು ಎಸೆಯಬೇಕು. ಯೌವನದಲ್ಲಿ ಎದುರಾಳಿಗಳ ನಡುವೆ ನುಗ್ಗಿ ನೆಗೆಯುತ್ತಿದ್ದವರಿಗೆ ಮೂರು ಅಂಕಗಳ ಆ ದೂರದ ಎಸೆತ ಹೆಚ್ಚು ಅಭ್ಯಾಸವಿದ್ದ ವಿದ್ಯೆಯಲ್ಲ. ಅದನ್ನು ಅವರು ಕುಳಿತು ಕಲಿತ ವಿದ್ಯಾರ್ಥಿಯಂತೆ ರೂಢಿಸಿಕೊಂಡರು. ೨೦೦೯–೧೦ರಲ್ಲಿ ಅಂತಹ ನೂರು ಎಸೆತಗಳಲ್ಲಿ ಸುಮಾರು ೪೪ನ್ನು ಬಳೆಗೆ ಸೇರಿಸುವಷ್ಟು ಪಳಗಿದ್ದರು. ಇದಕ್ಕಿಂತ ಮಿಗಿಲಾದ ಬದಲಾವಣೆ ಇನ್ನೊಂದಿತ್ತು. ಎದುರು ಪಕ್ಷದಲ್ಲಿ ಅತ್ಯಂತ ಚುರುಕಾದ, ಬಹುಪಾಲು ತಮಗಿಂತ ಹತ್ತು ಹದಿನೈದು ವರ್ಷ ಚಿಕ್ಕವನಾದ ಆಟಗಾರನನ್ನು ತಡೆಯುವ ಹೊಣೆಯನ್ನು ಅವರು ವಹಿಸಿಕೊಂಡರು. ಒಂದು ಕಾಲದಲ್ಲಿ ತಾವು ಯಾವ ಸ್ಥಾನದಲ್ಲಿದ್ದರೋ ಆ ಸ್ಥಾನದಲ್ಲಿದ್ದ ಹುಡುಗರನ್ನು ತಡೆಯುವ ಕೆಲಸ ಅದು. ಮುನ್ನುಗ್ಗುವವನ ಮನಸ್ಸಿನಲ್ಲಿ ಏನು ಓಡುತ್ತಿರುತ್ತದೆಂದು ಅವರಿಗೆ ಒಳಗಿನಿಂದಲೇ ತಿಳಿದಿತ್ತು. ಕಾಲು ಕಳೆದುಕೊಂಡ ವೇಗವನ್ನು ಆ ತಿಳಿವಳಿಕೆಯು ಸ್ವಲ್ಪಮಟ್ಟಿಗೆ ತುಂಬಿಕೊಟ್ಟಿತು.

ಫೀನಿಕ್ಸಿನ ಮೊದಲ ನಾಲ್ಕು ವರ್ಷಗಳಲ್ಲಿ ಅವರು ಕ್ರಮವಾಗಿ ೭೦, ೮೨, ೮೧ ಮತ್ತು ೮೦ ಪಂದ್ಯಗಳನ್ನಾಡಿದರು. ಒಂದು ವರ್ಷದ ೮೨ಕ್ಕೆ ೮೨ ಪಂದ್ಯಗಳನ್ನೂ ಅವರು ಆಡಿದ್ದು ಜೀವಮಾನದಲ್ಲಿ ಅದೇ ಮೊದಲು. ಆಗ ಅವರಿಗೆ ಮೂವತ್ತಾರು ವರ್ಷ. ಅಂಕಗಳು ಪಂದ್ಯಕ್ಕೆ ಹನ್ನೊಂದರಿಂದ ಹದಿಮೂರು, ಎಂದರೆ ಹಿಂದಿನದರ ಅರ್ಧ. ೨೦೧೦ರ ಅಂತಿಮ ಹಂತದ ಮೊದಲ ಸರಣಿಯಲ್ಲಿ ಪೋರ್ಟ್‌ಲೆಂಡ್ ತಂಡದ ಆಂದ್ರೆ ಮಿಲ್ಲರ್ ಮೊದಲನೆಯ ಪಂದ್ಯದಲ್ಲಿ ೩೧ ಅಂಕ ಗಳಿಸಿ ಫೀನಿಕ್ಸನ್ನು ಸೋಲಿಸಿದರು. ಎರಡನೆಯ ಪಂದ್ಯದಿಂದ ಅವರನ್ನು ತಡೆಯುವ ಭಾರ ಹಿಲ್ ಅವರಿಗೆ ಬಂತು. ಸರಣಿಯನ್ನು ಫೀನಿಕ್ಸ್ ೪–೨ರಿಂದ ಗೆದ್ದಿತು. ವೃತ್ತಿಪರ ಆಟದಲ್ಲಿ ಹಿಲ್ ಅವರು ಅಂತಹ ಒಂದು ಸರಣಿಯನ್ನಾದರೂ ಗೆದ್ದ ತಂಡದಲ್ಲಿದ್ದುದು ಅದೇ ಪ್ರಥಮ. ಕೀರ್ತಿಯ ಶಿಖರದಲ್ಲಿದ್ದಾಗ ದೊರೆಯದುದು ಮೂಲೆಯಲ್ಲಿ ನಿಂತಾಗ ದೊರೆಯಿತು.

ಇಲ್ಲಿಗೆ ಕಥೆಯನ್ನು ನಿಲ್ಲಿಸಿ, ತಾಳಿದವನು ಬಾಳಿಯಾನೆಂದು ಮಂಗಳ ಹಾಡುವುದು ಸುಲಭ. ಆದರೆ ಅದೇ ೨೦೧೦ರಲ್ಲಿ ಫೀನಿಕ್ಸ್ ತಂಡ ಪಶ್ಚಿಮ ವಿಭಾಗದ ಅಂತಿಮ ಸರಣಿಯಲ್ಲಿ ಲಾಸ್ ಏಂಜಲೀಸಿನ ಲೇಕರ್ಸ್ ತಂಡಕ್ಕೆ ಸೋತಿತು. ಅಲ್ಲಿ ಹಿಲ್ ಅವರಿಗೆ ಎದುರಾದವರು ಕೋಬಿ ಬ್ರಯಂಟ್. ಆರನೆಯ ಪಂದ್ಯದ ಕೊನೆಯ ನಿಮಿಷದಲ್ಲಿ ಹಿಲ್ ಅವರು ಮೈಗೆ ಮೈ ತಾಕುವಷ್ಟು ಹತ್ತಿರ ನಿಂತು ಕೈಯೆತ್ತಿ ತಡೆದರೂ ಬ್ರಯಂಟ್ ಎಸೆದ ಚೆಂಡು ಬಳೆಯೊಳಗೆ ಬಿದ್ದಿತು. ತಡೆಯುವವನು ಮಾಡಬೇಕಾದುದೆಲ್ಲವನ್ನೂ ಅವರು ಮಾಡಿದ್ದರು. ಆದರೂ ಫಲ ಕೈಗೂಡಲಿಲ್ಲ. ೨೦೧೩ರಲ್ಲಿ ನಿವೃತ್ತರಾಗುವ ತನಕ ಹಿಲ್ ಅವರಿಗೆ ಎನ್.ಬಿ.ಎ. ವಿಜಯಪದವಿ ಒಮ್ಮೆಯೂ ಲಭಿಸಲಿಲ್ಲ. ಆದಕಾರಣ ಅವರ ಪರಿವರ್ತನೆಯ ಬೆಲೆಯನ್ನು ಗೆಲುವಿನಿಂದ ಅಳೆಯಲು ಬಾರದು. ಬೆಲೆ ಇರುವುದಾದರೆ ಅದು ಪರಿವರ್ತನೆಯಲ್ಲಿಯೇ ಇರಬೇಕು. ಅದು ಏನೆಂಬುದನ್ನು ಇನ್ನು ವಿಚಾರಿಸೋಣ.

ಮೊದಲನೆಯದಾಗಿ ಒಂದು ಆಕ್ಷೇಪ. ಕಾಲಿನಲ್ಲಿ ಶಕ್ತಿಯಿಲ್ಲದವನು ಮೂಲೆಯಲ್ಲಿ ನಿಂತದ್ದು ಅನಿವಾರ್ಯ. ಅನಿವಾರ್ಯವಾಗಿ ಮಾಡಿದುದು ಗುಣವೆನಿಸೀತು ಹೇಗೆ? ಹಸಿವಿಗೆ ಅನ್ನವಿಲ್ಲದವನನ್ನು ಉಪವಾಸ ವ್ರತಸ್ಥನೆಂದು ಹೊಗಳುವುದುಂಟೆ? ಆಕ್ಷೇಪದಲ್ಲಿ ತಿರುಳಿದೆ. ಆದರೆ ಅನಿವಾರ್ಯತೆಯು ಒಂದು ದಾರಿಯನ್ನು ಮುಚ್ಚುತ್ತದೆಯೇ ಹೊರತು, ಮುಂದಿನ ದಾರಿಯನ್ನು ತಾನೇ ಆರಿಸಿಕೊಡುವುದಿಲ್ಲ. ೨೦೦೩ರಲ್ಲಿ ಜ್ವರದಿಂದೆದ್ದ ಹಿಲ್ ಅವರು ಆಟಕ್ಕೆ ವಿದಾಯ ಹೇಳಿದ್ದರೆ ಲೋಕವು ಮರುಕಪಡುತ್ತಿತ್ತಲ್ಲದೆ ನಿಂದಿಸುತ್ತಿರಲಿಲ್ಲ. ಅವರಿಗೆ ಬಡತನದ ಭಯವೂ ಇರಲಿಲ್ಲ. ಅಥವಾ ಹಳೆಯ ಹೆಸರಿನ ಬಲದಿಂದ ಯಾವುದಾದರೊಂದು ದುರ್ಬಲ ತಂಡದಲ್ಲಿ ಕುಂಟುತ್ತಲೇ ನಾಯಕನಾಗಿ ಮೆರೆಯಬಹುದಾಗಿತ್ತು. ಮೂರು ದಾರಿಗಳಲ್ಲಿ ಒಂದನ್ನು ಅವರು ಆರಿಸಿದರು. ಆಯ್ಕೆ ಇರುವಲ್ಲಿ ನೀತಿಯ ಪ್ರಶ್ನೆಯೂ ಇದೆ.

ಈ ಮೂರು ದಾರಿಗಳ ಸ್ವರೂಪವನ್ನು ಬೇರ್ಪಡಿಸಿ ನೋಡಬೇಕು. ಮೊದಲನೆಯದು ಹಟ: ಹಿಂದಿನ ಸ್ಥಾನವನ್ನು ಬಿಡಲೊಲ್ಲದ ಮನಸ್ಸು. ಎರಡನೆಯದು ಕೈಚೆಲ್ಲುವಿಕೆ: ಹಿಂದಿನದು ಇಲ್ಲವಾದರೆ ಏನೂ ಬೇಡವೆಂಬ ಮನಸ್ಸು. ಮೇಲುನೋಟಕ್ಕೆ ಇವೆರಡೂ ಒಂದಕ್ಕೊಂದು ವಿರುದ್ಧ. ಆದರೆ ಒಳಹೊಕ್ಕು ನೋಡಿದರೆ ಎರಡರ ಬೇರೂ ಒಂದೇ. ನನ್ನ ಬೆಲೆಯೆಲ್ಲ ನನ್ನ ಸ್ಥಾನದಲ್ಲಿದೆ ಎಂಬ ನಂಬಿಕೆಯಿಂದಲೇ ಒಬ್ಬನು ಸ್ಥಾನಕ್ಕೆ ಅಂಟಿಕೊಳ್ಳುತ್ತಾನೆ, ಇನ್ನೊಬ್ಬನು ಸ್ಥಾನ ಹೋದೊಡನೆ ಬರಿದಾಗುತ್ತಾನೆ. ಮೂರನೆಯ ದಾರಿ ಹಿಡಿಯುವವನು ಆ ನಂಬಿಕೆಯನ್ನೇ ಬಿಡಬೇಕಾಗುತ್ತದೆ. ತಂಡಕ್ಕೆ ಏನು ಬೇಕು, ಅದರಲ್ಲಿ ನನ್ನಿಂದ ಈಗ ಆಗುವುದೆಷ್ಟು ಎಂಬ ಎರಡು ಪ್ರಶ್ನೆಗಳನ್ನು ಅವನು ಕೇಳಿಕೊಳ್ಳುತ್ತಾನೆ. ‘ನಾನು ಏನಾಗಿದ್ದೆ’ ಎಂಬ ಪ್ರಶ್ನೆಗೆ ಅಲ್ಲಿ ಎಡೆಯಿಲ್ಲ.

ಆದರೂ ಮೊದಲನೆಯ ದಾರಿಯನ್ನು ಹಳಿದುಬಿಡುವುದು ನ್ಯಾಯವಲ್ಲ. ಬ್ರಯಂಟ್ ಅವರ ಮುಂದಿನ ಕಥೆ ಇದಕ್ಕೆ ಸಾಕ್ಷಿ. ೨೦೧೩ರ ಏಪ್ರಿಲಿನಲ್ಲಿ, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಅವರ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು. ಹರಿದ ಕಾಲಿನಲ್ಲಿಯೇ ನಿಂತು ತಮಗೆ ಸಲ್ಲಬೇಕಾಗಿದ್ದ ಎರಡು ಎಸೆತಗಳನ್ನೂ ಎಸೆದು, ಎರಡನ್ನೂ ಬಳೆಗೆ ಹಾಕಿ, ಆಮೇಲೆ ಅಂಗಳದಿಂದ ಹೊರಟರು. ಡಿಸೆಂಬರಿನಲ್ಲಿ ಹಿಂದಿರುಗಿ ಆರು ಪಂದ್ಯಗಳನ್ನಾಡುವಷ್ಟರಲ್ಲಿ ಮೊಣಕಾಲಿನ ಮೂಳೆ ಮುರಿಯಿತು. ಅನಂತರವೂ ಅವರು ಆಡುವ ಬಗೆಯನ್ನು ಬಹುವಾಗಿ ಬದಲಿಸಲಿಲ್ಲ. ೨೦೧೬ರ ಏಪ್ರಿಲಿನ ತಮ್ಮ ಕೊನೆಯ ಪಂದ್ಯದಲ್ಲಿ ಐವತ್ತು ಸಲ ಚೆಂಡನ್ನೆಸೆದು ೬೦ ಅಂಕ ಗಳಿಸಿ ನಿರ್ಗಮಿಸಿದರು. ಆ ರಾತ್ರಿಯ ವೈಭವವನ್ನು ಅಲ್ಲಗಳೆಯುವವರು ಯಾರು? ಆದರೆ ಆ ವರ್ಷ ಅವರ ತಂಡವು ಗೆದ್ದದ್ದು ೮೨ರಲ್ಲಿ ೧೭ ಪಂದ್ಯಗಳನ್ನು ಮಾತ್ರ. ತನ್ನತನವನ್ನು ಕೊನೆಯವರೆಗೆ ಕಾಪಾಡಿಕೊಳ್ಳುವುದರಲ್ಲಿ ಒಂದು ಘನತೆಯುಂಟು. ಅದರ ಬೆಲೆಯನ್ನು ಮಾತ್ರ ಕೆಲವೊಮ್ಮೆ ಜೊತೆಗಾರರು ತೆರಬೇಕಾಗುತ್ತದೆ. ಒಂಟಿಯಾಗಿ ಹಾಡುವ ಗಾಯಕನಿಗೆ ಸಲ್ಲುವ ಹಟವು, ಐವರು ಕೂಡಿ ಎಳೆಯುವ ತೇರಿಗೆ ಸಲ್ಲದು.

ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರವಾದುದು. ಹಿಲ್ ಅವರಿಗೆ ಉತ್ತಮ ವೈದ್ಯರಿದ್ದರು; ದಿನವೂ ಮೈಯನ್ನು ಪರೀಕ್ಷಿಸಿ ಸರಿಪಡಿಸುವ ಸಹಾಯಕರಿದ್ದರು. ವಯಸ್ಸಾದ ಆಟಗಾರರನ್ನು ಸುಸ್ಥಿತಿಯಲ್ಲಿಡುವುದರಲ್ಲಿ ಫೀನಿಕ್ಸ್ ತಂಡದ ಚಿಕಿತ್ಸಕರು ಹೆಸರಾಗಿದ್ದರು. ಗಿರಣಿಯ ಯಂತ್ರಕ್ಕೆ ಸಿಕ್ಕಿ ಬೆರಳು ಕಳೆದುಕೊಂಡ ಕೂಲಿಗೆ ಇವರಲ್ಲಿ ಯಾರಿದ್ದಾರೆ? ಗಾರೆಯ ಹಲಗೆಯಿಂದ ಬಿದ್ದು ಬೆನ್ನು ಮುರಿದುಕೊಂಡವನ ಬಳಿ ಹೋಗಿ, ನೀನೂ ಹೊಸ ಪಾತ್ರವನ್ನು ಕಂಡುಕೊಳ್ಳೆಂದು ಬೋಧಿಸಿದರೆ ಅದು ಬೋಧೆಯಲ್ಲ, ಗಾಯದ ಮೇಲೆ ಉಪ್ಪು. ಈ ಆಕ್ಷೇಪಕ್ಕೆ ಸಮಾಧಾನ ಹೇಳಿ ಜಾರಿಕೊಳ್ಳಲು ಬರುವುದಿಲ್ಲ. ಇದನ್ನು ಒಪ್ಪಿಯೇ ಮುಂದೆ ಹೋಗಬೇಕು. ಒಪ್ಪಿದರೆ ಹೊಳೆಯುವ ಸತ್ಯವೇನೆಂದರೆ, ಪರಿವರ್ತನೆಯೆಂಬುದು ಕುಂದಿದವನೊಬ್ಬನೇ ಮಾಡಬಲ್ಲ ಕಾರ್ಯವಲ್ಲ. ಅವನು ಹೊಸ ಕೆಲಸಕ್ಕೆ ಸಿದ್ಧನಾಗಬೇಕು. ಅಷ್ಟೇ ಮುಖ್ಯವಾಗಿ, ಸುತ್ತಲಿನವರು ಅವನಿಗೆ ಹೊಸ ಕೆಲಸವನ್ನು ಕೊಡಬೇಕು.

ಇದಕ್ಕೆ ಇನ್ನೊಂದು ನಿದರ್ಶನ ಬಿಲ್ ವಾಲ್ಟನ್ ಅವರದು. ೧೯೭೭ರಲ್ಲಿ ಪೋರ್ಟ್‌ಲೆಂಡ್ ತಂಡಕ್ಕೆ ವಿಜಯಪದವಿಯನ್ನು ತಂದುಕೊಟ್ಟು, ೧೯೭೮ರಲ್ಲಿ ಸಂಘದ ಅತ್ಯಮೂಲ್ಯ ಆಟಗಾರನೆಂಬ ಪ್ರಶಸ್ತಿಯನ್ನು ಪಡೆದ ಆ ಮಹಾಕಾಯರ ಪಾದದ ಮೂಳೆಗಳು ಮತ್ತೆ ಮತ್ತೆ ಮುರಿದವು. ಇಡೀ ಪಂದ್ಯಾವಳಿಗಳನ್ನೇ ಅವರು ಅಂಗಳದ ಹೊರಗೆ ಕಳೆದರು. ೧೯೮೫ರಲ್ಲಿ ಬಾಸ್ಟನ್ ತಂಡವು ಅವರನ್ನು ಕರೆದುಕೊಂಡಿತು. ಅವರ ಸ್ಥಾನದಲ್ಲಿ ಅಲ್ಲಿ ರಾಬರ್ಟ್ ಪ್ಯಾರಿಷ್ ಇದ್ದರು. ವಾಲ್ಟನ್ ಅವರು ಪಂದ್ಯದ ಆರಂಭದಲ್ಲಿ ಬದಿಯ ಬೆಂಚಿನ ಮೇಲೆ ಕುಳಿತು, ಪ್ಯಾರಿಷ್ ದಣಿದಾಗ ಎದ್ದು ಹೋಗಬೇಕು. ಆ ವರ್ಷ ಅವರು ೮೦ ಪಂದ್ಯಗಳನ್ನಾಡಿದರು; ಅವರ ಬಾಳಿನಲ್ಲಿ ಅದೇ ಅತ್ಯಧಿಕ. ೧೯೮೬ರಲ್ಲಿ ತಂಡ ವಿಜಯಪದವಿ ಪಡೆಯಿತು. ಬೆಂಚಿನಿಂದ ಬಂದು ಆಡುವವರಲ್ಲಿ ಶ್ರೇಷ್ಠನಿಗೆ ಕೊಡುವ ಪ್ರಶಸ್ತಿ ವಾಲ್ಟನ್ ಅವರಿಗೆ ದೊರೆಯಿತು. ಮರುವರ್ಷವೇ ಗಾಯ ಮರುಕಳಿಸಿ ಹತ್ತು ಪಂದ್ಯಗಳಿಗೆ ಅವರ ಆಟ ಮುಗಿಯಿತು. ಆದರೂ ಆ ಒಂದು ವರ್ಷವನ್ನು ವ್ಯರ್ಥವೆನ್ನಲಾದೀತೆ? ಅದು ಸಾಧ್ಯವಾದದ್ದು ಇಬ್ಬರಿಂದ: ಬೆಂಚಿನ ಮೇಲೆ ಕೂಡಲು ಒಪ್ಪಿದ ವಾಲ್ಟನ್ ಅವರಿಂದ, ಮತ್ತು ಆ ಬೆಂಚಿನ ಮೇಲೂ ಹುರುಳುಳ್ಳ ಕೆಲಸವನ್ನು ಇಟ್ಟಿದ್ದ ತಂಡದಿಂದ.

ನಮ್ಮ ಮನೆಗಳಲ್ಲಿಯೂ ಸಂಸ್ಥೆಗಳಲ್ಲಿಯೂ ಈ ಎರಡನೆಯ ಕರ್ತವ್ಯ ಹೇಗೆ ನಡೆಯುತ್ತಿದೆ? ವೃದ್ಧರಿಗೆ ನಾವು ಎರಡರಲ್ಲಿ ಒಂದನ್ನು ಕೊಡುತ್ತೇವೆ: ಮೂಲೆಯನ್ನು, ಇಲ್ಲವೇ ಗದ್ದುಗೆಯನ್ನು. ಮೂಲೆಗೆ ತಳ್ಳಲ್ಪಟ್ಟ ಅಜ್ಜನನ್ನು ಹೊತ್ತಿಗೆ ಸರಿಯಾಗಿ ಊಟಕ್ಕೆ ಕರೆಯುತ್ತಾರೆ. ಅದರಾಚೆಗೆ ಅವನಿಂದ ಯಾರಿಗೂ ಏನೂ ಬೇಕಾಗಿಲ್ಲ. ಗದ್ದುಗೆಗೇರಿದ ಹಿರಿಯನಿಗೆ ಸಭೆಯಲ್ಲಿ ಹಾರ, ತುರಾಯಿ, ಅಧ್ಯಕ್ಷತೆ ಎಲ್ಲವೂ ಸಲ್ಲುತ್ತವೆ; ಆದರೆ ಸಭೆಯ ತೀರ್ಮಾನ ಬೇರೆಲ್ಲಿಯೋ ಆಗಿರುತ್ತದೆ. ಇವೆರಡೂ ಒಂದೇ ತಿರಸ್ಕಾರದ ಎರಡು ಮುಖಗಳು. ಮನುಷ್ಯನಿಗೆ ಬೇಕಾದುದು ಗೌರವದ ಆಸನಕ್ಕಿಂತ ಮಿಗಿಲಾಗಿ ತನ್ನನ್ನು ನೆಚ್ಚಿರುವ ಒಂದು ಕೆಲಸ. ತಾನು ಮಾಡದಿದ್ದರೆ ಇನ್ನೊಬ್ಬರಿಗೆ ಕೊರತೆಯಾಗುವಂತಹ ಕೆಲಸ. ಮಗ್ಗದ ಮುಂದೆ ಕೂಡಲಾರದ ನೇಕಾರನು ನೂಲಿನ ಗುಣವನ್ನು ಬೆರಳ ತುದಿಯಿಂದಲೇ ಹೇಳಬಲ್ಲ. ನೇಗಿಲು ಹಿಡಿಯಲಾರದ ರೈತನಿಗೆ ಯಾವ ಹೊಲಕ್ಕೆ ಯಾವ ಬೀಜ ಒಗ್ಗುವುದೆಂಬುದು ಗೊತ್ತು. ಕೇಳುವವರು ಮಾತ್ರ ಬೇಕು. ಕೇಳಿದರೆ ಸಾಲದು, ಕೇಳಿದಂತೆ ನಡೆಯುವ ಪ್ರಸಂಗವೂ ಆಗೊಮ್ಮೆ ಈಗೊಮ್ಮೆ ಬರಬೇಕು.

ಹಾಗೆಯೇ ಹಿರಿಯರ ಪಾಲಿಗೂ ಒಂದು ಕಟು ಮಾತುಂಟು. ಎಷ್ಟೋ ಸಂಘಗಳಲ್ಲಿ, ವಿದ್ಯಾಸಂಸ್ಥೆಗಳಲ್ಲಿ, ಒಮ್ಮೆ ದುಡಿದು ಕಟ್ಟಿದವರು ಕೈಕಾಲು ಸೋತ ಮೇಲೂ ಕುರ್ಚಿಯನ್ನು ಬಿಡುವುದಿಲ್ಲ. ಬಿಟ್ಟರೆ ತಮಗೆ ಬೆಲೆಯಿಲ್ಲವೆಂಬ ಅಂಜಿಕೆ ಅವರದು. ಅವರ ಅಂಜಿಕೆ ಪೂರ್ತಿ ನಿರಾಧಾರವಲ್ಲ. ಬಿಟ್ಟವರನ್ನು ನಾವು ನಡೆಸಿಕೊಳ್ಳುವ ರೀತಿಯೇ ಅದನ್ನು ಬೆಳೆಸಿದೆ. ಆದರೆ ಕುರ್ಚಿಯಿಂದ ಇಳಿದು, ಅದರಲ್ಲಿ ಹೊಸದಾಗಿ ಕುಳಿತವನ ಲೆಕ್ಕಪತ್ರವನ್ನು ತಿದ್ದಿಕೊಡುವ, ಅವನು ಎಡವುವ ಕಡೆ ಮುಂಚಿತವಾಗಿ ಎಚ್ಚರಿಸುವ ಹಿರಿಯನು ಸಂಸ್ಥೆಗೆ ಮಾಡುವ ಉಪಕಾರ ಅವನ ಅಧ್ಯಕ್ಷತೆಯ ಇಪ್ಪತ್ತು ವರ್ಷಗಳಿಗಿಂತ ಕಡಿಮೆಯೆಂದು ಯಾರು ಹೇಳಬಲ್ಲರು? ಅದು ಎಣಿಕೆಗೆ ಸಿಗದ ಉಪಕಾರ, ಅಷ್ಟೇ.

ಸಹನೆಯ ವಿಚಾರದಲ್ಲಿಯೂ ಹಿಲ್ ಅವರ ವೃತ್ತಾಂತದಿಂದ ತಿಳಿಯಬೇಕಾದುದಿದೆ. ೨೦೦೦ದಲ್ಲಿ ನೋವನ್ನು ನುಂಗಿಕೊಂಡು ಆಡಿದ್ದನ್ನು ಧೈರ್ಯವೆಂದೇ ಎಲ್ಲರೂ ಕರೆಯುತ್ತಾರೆ. ತಂಡಕ್ಕಾಗಿ ತನ್ನ ನೋವನ್ನು ಮರೆಯುವುದು ದೊಡ್ಡ ಗುಣವೇ ಸರಿ. ಆದರೆ ದೇಹವು ಸಾಕೆಂದು ಕೂಗುವಾಗ ಕಿವಿಗೊಡದಿರುವುದು ಧೈರ್ಯವೋ ಅಥವಾ ಧೈರ್ಯಶಾಲಿಯೆನಿಸಿಕೊಳ್ಳಬೇಕೆಂಬ ಒತ್ತಾಯವೋ ಎಂಬುದನ್ನು ಬೇರ್ಪಡಿಸುವುದು ಸುಲಭವಲ್ಲ. ಫೀನಿಕ್ಸಿನಲ್ಲಿ ಅವರನ್ನು ಉಳಿಸಿದುದು ಇನ್ನೊಂದು ಬಗೆಯ ಸಹನೆ: ದಿನನಿತ್ಯದ ವ್ಯಾಯಾಮ, ವಿಶ್ರಾಂತಿ, ಚಿಕಿತ್ಸಕರು ಹೇಳಿದಷ್ಟೇ ಆಡುವ ಸಂಯಮ. ಮೊದಲಿನದಕ್ಕೆ ಚಪ್ಪಾಳೆ ಬೀಳುತ್ತದೆ; ಎರಡನೆಯದನ್ನು ನೋಡುವವರೇ ಇಲ್ಲ. ನಮ್ಮ ತರುಣರಿಗೆ ನಾವು ಮೊದಲನೆಯದನ್ನು ಮಾತ್ರ ಆದರ್ಶವಾಗಿ ತೋರಿಸುತ್ತಿದ್ದರೆ ಅವರಿಗೆ ಅನ್ಯಾಯ ಮಾಡಿದಂತೆ. ಬಾಗಲರಿಯದ ಮರವನ್ನು ಗಾಳಿ ಮುರಿಯುತ್ತದೆ.

ಕೊನೆಯದಾಗಿ, ಎಲ್ಲವೂ ಬದಲಾದರೂ ಬದಲಾಗದೆ ಉಳಿದುದೇನು? ವೇಗ ಹೋಯಿತು, ನೆಗೆತ ಹೋಯಿತು, ಕೀರ್ತಿ ಇಳಿಯಿತು. ಆಟದಲ್ಲಿ ಸಭ್ಯತೆಯನ್ನು ಮೆರೆದವರಿಗೆ ಎನ್.ಬಿ.ಎ. ಸಂಘವು ಪ್ರತಿ ವರ್ಷ ಕೊಡುವ ಒಂದು ಪ್ರಶಸ್ತಿಯಿದೆ. ಹಿಲ್ ಅವರಿಗೆ ಅದು ದೊರೆತದ್ದು ೨೦೦೫, ೨೦೦೮ ಮತ್ತು ೨೦೧೦ರಲ್ಲಿ. ಎಂದರೆ ಮೂರು ಸಲವೂ ಗಾಯದ ಅನಂತರವೇ. ಆಟವನ್ನು ಬಲ್ಲ ಬುದ್ಧಿ, ಜೊತೆಗಾರನನ್ನು ಗೌರವಿಸುವ ಮನಸ್ಸು, ಕಲಿಯುವ ವಿನಯ—ಇವು ಕಾಲಿನಲ್ಲಿ ಇದ್ದ ಗುಣಗಳಲ್ಲ. ಕಾಲು ಮುರಿದಾಗ ಮುರಿಯಲೂ ಇಲ್ಲ. ಯೌವನದ ಬೆರಗಿನಲ್ಲಿ ಇವು ಕಾಣದೆ ಇದ್ದುವೇನೋ. ೨೦೧೮ರಲ್ಲಿ ಆ ಆಟದ ಜನ್ಮಸ್ಥಳವಾದ ಸ್ಪ್ರಿಂಗ್‌ಫೀಲ್ಡಿನ ಕೀರ್ತಿಮಂದಿರಕ್ಕೆ ಅವರ ಹೆಸರು ಸೇರಿತು. ಅಲ್ಲಿ ಬರೆದಿರುವ ಸಾಧನೆಗಳಲ್ಲಿ ಹೆಚ್ಚಿನವು ಮೊದಲ ಆರು ವರ್ಷಗಳವು. ಬರೆಯಲಾಗದುದು ಅನಂತರದವು.

ಆದುದರಿಂದ ಆರಂಭದ ಪ್ರಶ್ನೆಗೆ ಹೀಗೆ ಉತ್ತರಿಸಬಹುದೆಂದು ತೋರುತ್ತದೆ. ಸ್ಥಾನವು ನಮಗೆ ಹೊರಗಿನಿಂದ ಬರುವಂಥದು. ಶಕ್ತಿಯು ಅದನ್ನು ತರುತ್ತದೆ, ಕಾಲವು ಅದನ್ನು ಒಯ್ಯುತ್ತದೆ. ಅದು ಹೋಗುವಾಗ ದುಃಖಿಸುವುದು ಸಹಜ. ದುಃಖವನ್ನು ಅಲ್ಲಗಳೆಯುವ ತತ್ತ್ವಜ್ಞಾನ ಟೊಳ್ಳು. ಆದರೆ ಸಾರ್ಥಕತೆಯು ಸ್ಥಾನದೊಡನೆ ಹೋಗಲೇಬೇಕಾಗಿಲ್ಲ. ಇಂದು ನನ್ನಿಂದ ಆಗುವ ಕೆಲಸ ಯಾವುದು, ಅದು ಯಾರಿಗೆ ಬೇಕಾಗಿದೆ ಎಂಬುದನ್ನು ನಾಚಿಕೆಯಿಲ್ಲದೆ ಕೇಳಿಕೊಂಡು, ದೊರೆತುದನ್ನು ಪೂರ್ಣ ಮನಸ್ಸಿನಿಂದ ಮಾಡುವವನಿಗೆ ಅದು ಉಳಿಯುತ್ತದೆ. ಇನ್ನೂ ಶಕ್ತಿಯುಳ್ಳವರಾದ ನಮಗಾದರೋ, ಕುಂದಿದವರಿಗೆ ಅಂತಹ ಕೆಲಸವೊಂದನ್ನು ಇಟ್ಟುಕೊಂಡಿರುವ ಹೊಣೆಯಿದೆ. ಅದು ಅವರ ಮೇಲಿನ ಕರುಣೆಯಿಂದ ಮಾಡುವ ಉಪಕಾರವೆಂದು ಭಾವಿಸಬೇಕಾಗಿಲ್ಲ. ನಾಳೆ ನಾವು ಹೋಗಿ ಕೂಡಬೇಕಾದ ಬೆಂಚೂ ಅದೇ.